ಜೆಫಿಟಿನಿಬ್ ತೆಗೆದುಕೊಳ್ಳುವವರ ಮದ್ದಿನ ತೊಟ್ಟೆ

ಕೇಳುಗರಿಗೆ ನಮಸ್ಕಾರ. ಮಂಗಳೂರಿನ ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುವವಳು ನಾನು. ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಜೆಫಿಟಿನಿಬ್ ಮಾತ್ರೆಯ ಬಗ್ಗೆ ಇವತ್ತು ಮಾತಾಡುತ್ತೇನೆ.

ಇದು ಎಲ್ಲರಿಗೂ ಆಗುವ ಮದ್ದಲ್ಲ. ಗಡ್ಡೆಯ ಚೂರು ತೆಗೆದು ಪರೀಕ್ಷಿಸಿದಾಗ ಇಜಿಎಫ್‌ಆರ್ ಎಂಬ ಜೀನಿನಲ್ಲಿ ಬದಲಾವಣೆ ಕಂಡರೆ ಮಾತ್ರ ಇದು ಉಪಯೋಗ. ಬೀಡಿ, ಸಿಗರೇಟು ಮುಟ್ಟದವರಲ್ಲೇ ಈ ಬದಲಾವಣೆ ಜಾಸ್ತಿ. ಪಕ್ಕದ ಮನೆಯವರಿಗೆ ಗುಣ ಕಂಡಿತು, ನಮಗೂ ಬರೆದುಕೊಡಿ ಅಂದರೆ ಆಗುವುದಿಲ್ಲ.

ದಿನಕ್ಕೆ 250 ಮಿಲಿಗ್ರಾಮಿನ ಒಂದು ಮಾತ್ರೆ. ಊಟಕ್ಕೆ ಮೊದಲೋ ಆಮೇಲೋ, ಹೇಗಾದರೂ ಸರಿ. ತೊಡಕು ಬರುವುದು ಜೊತೆಗಿರುವ ಬೇರೆ ಮಾತ್ರೆಗಳಿಂದ. ಬೆಳ್ತಂಗಡಿ ಕಡೆಯ ಒಬ್ಬರು ಒಮ್ಮೆ ತಮ್ಮ ಮದ್ದಿನ ತೊಟ್ಟೆಯನ್ನು ನನ್ನ ಕೌಂಟರಿನ ಮೇಲೆ ಸುರಿದರು. ಜೆಫಿಟಿನಿಬ್ ಡಬ್ಬಿಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದ ಪ್ಯಾಂಟೊಪ್ರಜೋಲ್ ಸ್ಟ್ರಿಪ್ಪು! ನಾವೆಲ್ಲ ಗ್ಯಾಸ್ ಮಾತ್ರೆ ಅನ್ನುತ್ತೇವಲ್ಲ, ಅದು. ಬೆಳಿಗ್ಗೆ ಎರಡನ್ನೂ ಒಂದೇ ಗುಟುಕಿಗೆ ನುಂಗುತ್ತಿದ್ದರಂತೆ. ಯಾರು ಬರೆದುಕೊಟ್ಟದ್ದು ಕೇಳಿದೆ. ಯಾರೂ ಇಲ್ಲ, ಸುಮ್ನೆ ಮೆಡಿಕಲಿನಿಂದ ತಂದದ್ದು.

ಜೆಫಿಟಿನಿಬ್ ಸರಿಯಾಗಿ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು. ಗ್ಯಾಸ್ ಮಾತ್ರೆ ಆ ಆಮ್ಲವನ್ನೇ ಇಳಿಸುತ್ತದೆ. ಆಗ ಮದ್ದು ರಕ್ತಕ್ಕೆ ಸೇರುವುದೇ ಕಡಿಮೆ. ಹಾಗಾಗಿ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಬೇಡ. ಬೇಕೇಬೇಕು ಅಂತ ಡಾಕ್ಟರು ಹೇಳಿದರೆ ನಡುವೆ 12 ಗಂಟೆ ಬಿಡಿ. ಆಂಟಾಸಿಡ್ ಸಿರಪ್ಪಾದರೆ 6 ಗಂಟೆ.

ಇದಕ್ಕಿಂತ ಜೋರಿನದು ಟಿಬಿಯ ರಿಫಾಂಪಿಸಿನ್. ಅದರ ಜೊತೆ ರಕ್ತದಲ್ಲಿ ಜೆಫಿಟಿನಿಬ್ ಸುಮಾರು ಆರರಲ್ಲಿ ಒಂದು ಪಾಲಿಗೆ ಇಳಿದುಬಿಡುತ್ತದೆ. ಫಿಟ್ಸಿನ ಫೆನಿಟೋಯಿನ್ ಕೂಡ ಅದೇ ಜಾತಿ. ಹಾಗಂತ ಅವನ್ನು ನೀವೇ ನಿಲ್ಲಿಸಬೇಡಿ. ಟಿಬಿ ಡಾಕ್ಟರಿಗೆ ಕ್ಯಾನ್ಸರ್ ಮದ್ದಿನ ಚೀಟಿ ತೋರಿಸಿ, ಕ್ಯಾನ್ಸರ್ ಡಾಕ್ಟರಿಗೆ ಟಿಬಿಯದು. ಡೋಸ್ ಅವರು ನೋಡಿಕೊಳ್ಳಲಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ನುಂಗುವವರು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಐಎನ್‌ಆರ್ ಪರೀಕ್ಷೆಯನ್ನು ಪದೇ ಪದೇ ಮಾಡಿಸಬೇಕು, ರಕ್ತಸ್ರಾವದ ಭಯವಿದೆ.

ಮೊದಲ ತಿಂಗಳು ಮೊಡವೆಯಂಥ ಗುಳ್ಳೆ, ಭೇದಿ ಸಾಮಾನ್ಯ. ಕೆಲವರಿಗೆ ಉಗುರುಸುತ್ತೂ ಆಗುತ್ತದೆ. ಭೇದಿಗೆ ಗಂಜಿ ತಿಳಿ, ಓಆರ್‌ಎಸ್ ಕುಡಿಯಿರಿ, ನಿಲ್ಲದಿದ್ದರೆ ಫೋನ್ ಮಾಡಿ. ಲಿವರ್ ಟೆಸ್ಟನ್ನು ಹೇಳಿದ ದಿನ ಮಾಡಿಸಿ. ಲಿವರಿಗೆ ಪೆಟ್ಟಾದರೂ ಮೊದಮೊದಲು ಏನೂ ಗೊತ್ತಾಗುವುದಿಲ್ಲ.

ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಕೆಮ್ಮು. ಹೊಸದಾಗಿ ಕೆಮ್ಮು, ಏದುಸಿರು, ಜೊತೆಗೆ ಜ್ವರ ಬಂದರೆ ಆಟಿಯ ಮಳೆಗೆ ಶೀತ ಅಂತ ಕಷಾಯ ಕುದಿಸಿಕೊಂಡು ಕೂರಬೇಡಿ. ಈ ಮಾತ್ರೆಯಿಂದಲೇ ಶ್ವಾಸಕೋಶದಲ್ಲಿ ಉರಿಯೂತ ಆಗಬಹುದು. ನೂರರಲ್ಲಿ ಒಬ್ಬರಿಗೆ ಅನ್ನುವಷ್ಟು ಅಪರೂಪ, ಆದರೆ ಜೀವಕ್ಕೇ ಅಪಾಯ. ಮುಂದಿನ ಮಾತ್ರೆ ನುಂಗುವ ಮೊದಲು, ಅದೇ ದಿನ ಆಸ್ಪತ್ರೆಗೆ ಬನ್ನಿ. ಮಾತ್ರೆ ನಿಲ್ಲಿಸಿ ಸ್ಕ್ಯಾನ್ ಮಾಡಿ ನೋಡುತ್ತಾರೆ.

ಇನ್ನೊಂದು ಪ್ರಶ್ನೆ ಎಲ್ಲರೂ ಕೇಳುವುದು. ಮಾತ್ರೆ ಮರೆತರೆ? ಮುಂದಿನದಕ್ಕೆ 12 ಗಂಟೆಗಿಂತ ಜಾಸ್ತಿ ಇದ್ದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಬಿಟ್ಟುಬಿಡಿ. ಎರಡು ಒಟ್ಟಿಗೆ ಬೇಡ. ನಮಸ್ಕಾರ.