ಮೇಕೇರಿ ಏರಿನಲ್ಲಿ ಮಾತ್ರ ಬರುತ್ತಿದ್ದ ಸದ್ದು

ಈ ಸದ್ದು ಸ್ವಲ್ಪ ಕೇಳಿ. ಹೆಡ್‌ಫೋನ್ ಇದ್ರೆ ಹಾಕ್ಕೊಳ್ಳಿ.

ಟರ್ರ್ ಅಂತಿದೆಯಲ್ಲ, ಅದೇ. ಈಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ, ನಿಂತುಹೋಯ್ತು. ಮತ್ತೆ ಒತ್ತಿದೆ, ಬಂತು. ತಗಡಿನ ಡಬ್ಬಿಯೊಳಗೆ ಚಮಚ ಹಾಕಿ ಅಲ್ಲಾಡಿಸಿದ ಹಾಗೆ.

ಇದು ಮೇಕೇರಿಯಿಂದ ಮಡಿಕೇರಿಗೆ ಹತ್ತೋ ರಸ್ತೆ. ಮೂರ್ನಾಡಿಂದ ಅವ್ವನ್ನ ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರ್ಕೊಂಡು ಹೋಗೋದು ಈ ದಾರೀಲೇ. ಕಕ್ಕಡ ಅಂದ್ರೆ ನಮ್ಮ ಕೊಡಗಿನ ಜೋರು ಮಳೆಯ ತಿಂಗಳು, ಆ ಮಳೇಲಿ ಶುರುವಾದ ಸದ್ದು ಇದು. ಏರು ಬಂದ ಕೂಡಲೇ ಅವ್ವ ಬಾಗಿಲ ಮೇಲಿನ ಹಿಡಿ ಗಟ್ಟಿಯಾಗಿ ಹಿಡ್ಕೊಳ್ತಿದ್ರು. ಬಾಯಿಬಿಟ್ಟು ಏನೂ ಹೇಳ್ತಿರಲಿಲ್ಲ, ಆದ್ರೆ ಆ ಕೈ ನೋಡಿದಾಗೆಲ್ಲ ನಂಗೆ ಸಂಕಟ ಆಗ್ತಿತ್ತು.

ಮೊದಲು ತೋರಿಸಿದ ವರ್ಕ್‌ಶಾಪ್‌ನಲ್ಲಿ ಬಾನೆಟ್ ತೆಗೆದು, ನ್ಯೂಟ್ರಲ್‌ನಲ್ಲೇ ಎಂಜಿನ್ ರೇಸ್ ಮಾಡಿ ನೋಡಿದ್ರು. ಸದ್ದೇ ಬರಲಿಲ್ಲ. ಸೈಲೆನ್ಸರ್ ಪೈಪಿನ ಶಾಖ ಮೇಲೆ ತಾಗದ ಹಾಗೆ ಒಂದು ತೆಳು ತಗಡು ಇರುತ್ತೆ. ಅದು ಬೋಲ್ಟ್ ಹತ್ರ ತುಕ್ಕು ಹಿಡಿದು ಸಡಿಲಾಗಿತ್ತು. ಸ್ಟೀಲ್ ಕ್ಲಿಪ್ ಹಾಕಿ ಬಿಗಿದು ಕೊಟ್ರು. ಅವರ ಊಹೆಯಲ್ಲಿ ತಪ್ಪೇನಿಲ್ಲ; ತೋಟದ ದಾರೀಲಿ ಕಲ್ಲು ತಾಗಿಸ್ಕೊಂಡು ಓಡಾಡೋ ನಮ್ಮ ಕಡೆ ಗಾಡಿಗಳಲ್ಲಿ ಆ ತಗಡು ಅದುರೋದು ಬಹಳ ಸಾಮಾನ್ಯ. ಆದ್ರೆ ವಾಪಸ್ ಬಂದು ಮೇಕೇರಿ ಏರು ಹತ್ತಿಸಿದ್ರೆ ಅದೇ ಟರ್ರ್.

ಆಮೇಲೆ ನಮ್ಮೂರಿನ ಮೆಕ್ಯಾನಿಕ್ ಕಾಕನ ಹತ್ರ ಹೋದೆ. ಕಾಕ ಸ್ಪ್ಯಾನರ್ ಮುಟ್ಟಲೇ ಇಲ್ಲ, ಬರೀ ಪ್ರಶ್ನೆ.

“ನಿಂತಲ್ಲೇ ರೇಸ್ ಮಾಡಿದ್ರೆ ಬರ್ತದಾ ಮೋನೆ?”

“ಇಲ್ಲ ಕಾಕ.”

“ಇಳಿಜಾರಲ್ಲಿ?”

“ಇಲ್ಲ.”

“ಹಾಗಾದ್ರೆ ಎಂಜಿನ್ ಭಾರ ಎಳೀವಾಗ ಮಾತ್ರ. ಆ ತಗಡೇ ಆಗಿದ್ರೆ ನಿಂತಲ್ಲೂ ಅದುರ್ತಿತ್ತು.”

ಇಷ್ಟು ದಿನ ನಾನು ಸದ್ದು ಎಲ್ಲಿಂದ ಬರ್ತಿದೆ ಅಂತ ಹುಡುಕ್ತಿದ್ದೆ. ಕಾಕ ಕೇಳಿದ್ದು ಯಾವಾಗ ಬರುತ್ತೆ ಅಂತ. ಎಂಜಿನ್ ತಿರುಗೋ ವೇಗದ ಜೊತೆ ಏರಿಳಿಯುತ್ತಾ? ಚಕ್ರದ ವೇಗದ ಜೊತೆಯಾ? ಇಲ್ಲ ಭಾರ ಬಿದ್ದಾಗ ಮಾತ್ರವಾ? ಸಮತಟ್ಟು ರಸ್ತೇಲಿ 40ರಲ್ಲಿ ಹೋಗ್ತಾ ಮೂರನೇ ಗೇರ್‌ನಿಂದ ನಾಲ್ಕಕ್ಕೆ ಹಾಕಿ ನೋಡಿ. ಗಾಡಿ ವೇಗ ಅಷ್ಟೇ ಇರುತ್ತೆ, ಎಂಜಿನ್ ವೇಗ ಇಳಿಯುತ್ತೆ. ಸದ್ದೂ ಜೊತೆಗೆ ಇಳಿದ್ರೆ ಎಂಜಿನ್ ಕಡೆ ಹುಡುಕಿ. ಒಂದೇ ಸಮ ಗುಂಯ್ ಅಂತಿದ್ರೆ ವೀಲ್ ಬೇರಿಂಗೋ ಟೈರೋ ಇರಬೇಕು. ಪರೀಕ್ಷೆ ಮಾಡ್ತೀನಿ ಅಂತ ಸಂಪಾಜೆ ಘಾಟಿಯಂಥ ಇಳಿಜಾರಲ್ಲಿ ಮಾತ್ರ ನ್ಯೂಟ್ರಲ್ ಮಾಡ್ಬೇಡಿ, ಕೈಮುಗಿದು ಕೇಳ್ತೀನಿ. ಎಂಜಿನ್ ಹಿಡಿತ ತಪ್ಪಿದ್ರೆ ಪೂರ್ತಿ ಭಾರ ಬ್ರೇಕ್ ಮೇಲೇ ಬೀಳುತ್ತೆ, ಬ್ರೇಕ್ ಕಾದ್ರೆ ಹಿಡಿಯೋದಿಲ್ಲ.

ಈಗ ನೋಡ್ತಿರೋದು ಕಾಕನ ಅಂಗಳ. ಹ್ಯಾಂಡ್‌ಬ್ರೇಕ್ ಎಳೆದಿದೆ, ನನ್ನ ಕಾಲು ಬ್ರೇಕ್ ಮೇಲೇ ಇದೆ. ಒಂದನೇ ಗೇರ್ ಹಾಕಿ ಕ್ಲಚ್ ಚೂರೇ ಚೂರು ಬಿಟ್ಟೆ. ಕಾಕ ಪಕ್ಕದಲ್ಲಿ ನಿಂತಿದ್ದಾರೆ ಗಮನಿಸಿ. ಈ ಕೆಲಸ ಮಾಡುವಾಗ ಗಾಡಿಯ ಮುಂದೆ ಹಿಂದೆ ಯಾರೂ ಇರಬಾರದು. ಎಂಜಿನ್ ನೋಡಿ, ಹೇಗೆ ಎದ್ದು ವಾಲ್ತು! ಸ್ವಲ್ಪ ಅಲುಗಾಡೋದು ಸಹಜ, ಇಷ್ಟೊಂದು ಅಲ್ಲ.

ಎಂಜಿನ್ನನ್ನ ಗಾಡಿಯ ಚೌಕಟ್ಟಿಗೆ ಹಿಡಿದಿಡೋದು ರಬ್ಬರ್ ಇರೋ ಮೌಂಟ್‌ಗಳು. ನಮ್ಮ ಗಾಡೀಲಿ ಹಿಂದಿನ ಮೌಂಟಿನ ರಬ್ಬರ್ ಹರಿದುಹೋಗಿತ್ತು. ಏರಿನಲ್ಲಿ ಎಂಜಿನ್ ಬಲ ಹಾಕಿದಾಗ ಹಿಂದಕ್ಕೆ ವಾಲಿ, ಸೈಲೆನ್ಸರ್ ಪೈಪನ್ನೂ ಜೊತೆಗೆ ಎಳ್ಕೊಂಡು ಕೆಳಗಿನ ಕಬ್ಬಿಣದ ಪಟ್ಟಿಗೆ ತಾಗಿಸ್ತಿತ್ತು. ಪೈಪೆಲ್ಲ ತುಕ್ಕು ಬಣ್ಣ, ತಾಗಿದ ಒಂದೇ ಜಾಗ ಮಾತ್ರ ಹೊಸ ನಾಣ್ಯದ ಹಾಗೆ ಫಳಫಳ. ಅದನ್ನ ನೋಡಿದಾಗ ಆದ ಖುಷಿ ಹೇಳೋಕಾಗಲ್ಲ. ಇಷ್ಟು ದಿನದ ಹೆದರಿಕೆಗೆ ಕೊನೆಗೂ ಒಂದು ಗುರುತು ಸಿಕ್ತು.

ಮೌಂಟ್ ಬದಲಾಯಿಸೋಕೆ ಮುಂಚೆ ಕಾಕ ಎರಡು ಕಡೆ ಟಾರ್ಚ್ ಬಿಟ್ಟು ನೋಡಿದ್ರು. ಒಂದು, ರಬ್ಬರ್ ಮೇಲೆ ಎಣ್ಣೆ ಜಿನುಗ್ತಿದೆಯಾ ಅಂತ. ಜಿನುಗ್ತಿತ್ತು. ಅದನ್ನ ಬಿಟ್ಟು ಹೊಸ ಮೌಂಟ್ ಹಾಕಿದ್ರೆ ಅದೂ ಮೆತ್ತಗಾಗಿ ಹಾಳಾಗುತ್ತೆ, ಹಾಗಾಗಿ ಮೊದಲು ಎಣ್ಣೆ ಸೋರದ ಹಾಗೆ ತಡೆಯೋ ಗ್ಯಾಸ್ಕೆಟ್ ಬದಲಾಯಿಸಿದ್ರು. ಇನ್ನೊಂದು, ತಿಕ್ಕಾಡಿದ ಜಾಗದಲ್ಲಿ ಪೈಪ್ ತೂತಾಗಿದೆಯಾ ಅಂತ. ಪುಣ್ಯ, ಆಗಿರಲಿಲ್ಲ. ನಾವು ಮಳೆಗಾಲ ಪೂರ್ತಿ ಗಾಜು ಏರಿಸ್ಕೊಂಡೇ ಓಡಾಡೋರು. ತೂತಾದ ಪೈಪಿಂದ ಹೊಗೆ ಒಳಗೆ ಬಂದ್ರೆ ಅದರಲ್ಲಿರೋ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವಕ್ಕೇ ಅಪಾಯ. ಗಾಡಿ ತಣ್ಣಗಿದ್ದಾಗ ಟಿಕ್ ಟಿಕ್ ಅಂತ ಶುರುವಾಗಿ ಬಿಸಿಯಾದ ಮೇಲೆ ಕಡಿಮೆಯಾದ್ರೆ ಪೈಪಿನ ಜಾಯಿಂಟ್ ಸೋರ್ತಿರಬಹುದು. ಬಿಸಿಯಾದ್ಮೇಲೆ ಸರಿಹೋಯ್ತಲ್ಲ ಅಂತ ಸುಮ್ಮನಾಗ್ಬೇಡಿ.

ಎಂಜಿನ್ ಅಡಿಗೆ ಮರದ ಹಲಗೆ ಇಟ್ಟು ಜಾಕಿ ಕೊಟ್ಟು, ಗಾಡಿಯ ಭಾರಕ್ಕೆ ಬೇರೆ ಸ್ಟ್ಯಾಂಡ್ ಇಟ್ಟು, ಆಮೇಲೇ ಕಾಕ ಕೆಳಗೆ ಹೋದದ್ದು. ಹೊಸ ಮೌಂಟ್ ಕೂರಿಸಿ, ಬೋಲ್ಟ್ ಅರ್ಧ ಬಿಗಿದು, ಎಂಜಿನ್ ತನ್ನ ಜಾಗದಲ್ಲಿ ಕೂತ ಮೇಲೆ ಪೂರ್ತಿ ಬಿಗಿದ್ರು. ಎಳ್ಕೊಂಡೇ ಬಿಗಿದ್ರೆ ರಬ್ಬರ್ ತಿರುಚಿಕೊಂಡೇ ಇರುತ್ತಂತೆ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಡುವಾಗ ಕಟ್ ಕಟ್ ಅಂದ್ರೆ ಅದು ಬೇರೆ, ಆಕ್ಸಲ್ ಜಾಯಿಂಟ್. ಏರಿನಲ್ಲಿ ದೊಡ್ಡ ಗೇರಲ್ಲೇ ಎಳೆದಾಗ ಎಂಜಿನ್ ಒಳಗೆ ಕಟಕಟ ಅಂದ್ರೆ ಮೊದಲು ಗೇರ್ ಇಳಿಸಿ. ಆಮೇಲೂ ನಿಲ್ಲದಿದ್ರೆ ತೋರಿಸಿ.

ಇದು ಇವತ್ತು ಬೆಳಿಗ್ಗೆ, ಮತ್ತೆ ಮೇಕೇರಿ ಏರು. ಎರಡನೇ ಗೇರ್, ಕಾಲು ಪೂರ್ತಿ ಒತ್ತಿದ್ದೀನಿ. ನಾನು ಮಾತು ನಿಲ್ಲಿಸ್ತೀನಿ, ನೀವೇ ಕೇಳಿ.

ಎಡಗಡೆ ಸೀಟಲ್ಲಿ ಅವ್ವ. ಕೈ ಎರಡೂ ಮಡಿಲಲ್ಲಿರೋ ಮಾತ್ರೆ ಚೀಲದ ಮೇಲಿದೆ.