ಕಾಜಾದ ಚಳಿಗಾಲ: ಅಲ್ಲಿ ಹೋಗಿ ಇರಬೇಕು ಅನ್ನುವವರ ಜೊತೆ ಒಂದಿಷ್ಟು ಮಾತು

ಎಲ್ಲರಿಗೂ ಶರಣು ಶರಣಾರ್ಥಿ.

ಕಲಬುರಗಿಯ ಮೇ ತಿಂಗಳಲ್ಲಿ ಬಿಸಿಲು 43, 44 ಡಿಗ್ರಿಗೆ ಏರಿದಾಗ, ಹಿಮ ಬೀಳುವ ಊರಿಗೆ ಹೋಗಿ ಇದ್ದುಬಿಡೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ನನ್ನ ಹತ್ತಿರ ಈ ಮಾತು ಎತ್ತುವ ಹುಡುಗ ಹುಡುಗಿಯರು ಸುಮ್ನೆ ಕನಸು ಕಾಣುವವರಲ್ಲ. ಒಬ್ಬರು ನರ್ಸಿಂಗ್ ಮುಗಿಸಿದ್ದಾರೆ. ಒಬ್ಬರು ಬ್ಯಾಂಕ್ ಪರೀಕ್ಷೆ ಪಾಸಾಗಿದ್ದಾರೆ. ಇನ್ನೊಬ್ಬರಿಗೆ ಲ್ಯಾಪ್‌ಟಾಪ್ ಇದ್ದರೆ ಎಲ್ಲಿ ಕೂತರೂ ಕೆಲಸ ನಡೆಯುತ್ತದೆ. 'ಸರ, ನೀವು ಕಾಜಾದಲ್ಲಿ ಇದ್ದು ಬಂದವರು, ನಾವೂ ಇರಬಹುದೇನ್ರಿ?' ಅಂತ ಕೇಳುತ್ತಾರೆ. ಇವತ್ತಿನ ಮಾತು ಅವರಿಗಾಗಿ. ಇರಬಹುದು ಅನ್ನುವುದೇ ನನ್ನ ಉತ್ತರ. ಆದರೆ ಒಂದು ತಿಳಿದುಕೊಳ್ಳಿ. ನೀವು ಫೋಟೋದಲ್ಲಿ ನೋಡುವುದು ಜೂನ್, ಜುಲೈ ತಿಂಗಳ ಕಾಜಾ. ಆ ಊರಿನವರು ವರ್ಷವಿಡೀ ಲೆಕ್ಕ ಹಾಕುವುದು ಜನವರಿಗಾಗಿ.

ಮೊದಲು ಜಾಗ ಎಲ್ಲಿದೆ ಹೇಳುತ್ತೇನೆ. ಕಾಜಾ ಇರುವುದು ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಜಿಲ್ಲೆಯಲ್ಲಿ, ಸ್ಪಿತಿ ನದಿಯ ದಂಡೆಯ ಮೇಲೆ. ಸಮುದ್ರಮಟ್ಟದಿಂದ ಸುಮಾರು 3,700 ಮೀಟರ್ ಎತ್ತರ. ನಮ್ಮ ಕಲಬುರಗಿ 450 ಮೀಟರ್ ಆಸುಪಾಸು. ಆ ಜಿಲ್ಲೆ ನಮ್ಮ ಜಿಲ್ಲೆಗಿಂತ ದೊಡ್ಡದು, ಸುಮಾರು 13,800 ಚದರ ಕಿ.ಮೀ. 2011ರ ಜನಗಣತಿಯಲ್ಲಿ ಅಷ್ಟು ಜಾಗದಲ್ಲಿ ಇದ್ದವರು 31,564 ಜನ. ಅದೇ ಗಣತಿಯಲ್ಲಿ ಕಲಬುರಗಿ ಜಿಲ್ಲೆಯಲ್ಲಿ 25 ಲಕ್ಷಕ್ಕೂ ಜಾಸ್ತಿ. ಶರಣಬಸವೇಶ್ವರರ ತೇರು ಎಳೆಯುವ ದಿನ ಗುಡಿ ಮುಂದೆ ಸೇರುವ ಜನ ಆ ಇಡೀ ಜಿಲ್ಲೆಯ ಜನಕ್ಕಿಂತ ಹೆಚ್ಚು.

ಹೋಗಲು ಎರಡು ದಾರಿ. ಮನಾಲಿಯಿಂದ ಕುಂಜುಂ ಪಾಸ್, ಅಂದರೆ ಬೆಟ್ಟದ ಸಾಲು ದಾಟುವ ದಾರಿ, ಹತ್ತಿ ಇಳಿದರೆ 200 ಕಿ.ಮೀ. ಆಗುತ್ತದೆ. ಆ ಪಾಸ್ 4,500 ಮೀಟರ್ ಮೀರಿದ ಎತ್ತರದಲ್ಲಿದೆ. ನವೆಂಬರ್ ಹೊತ್ತಿಗೆ ಮುಚ್ಚಿದರೆ ಮತ್ತೆ ತೆರೆಯುವುದು ಮೇ, ಜೂನ್‌ನಲ್ಲಿ. ಇನ್ನೊಂದು ದಾರಿ ಶಿಮ್ಲಾದಿಂದ ಕಿನ್ನೌರ್ ಮೂಲಕ, 400 ಕಿ.ಮೀ.ಗಿಂತ ಜಾಸ್ತಿ. ಚಳಿಗಾಲದಲ್ಲೂ ಬಹುಪಾಲು ತೆರೆದಿರುತ್ತದೆ. ಎಲ್ಲಾದರೂ ಗುಡ್ಡ ಜರಿದರೆ, ಹಿಮ ಕುಸಿದರೆ ದಿನಗಟ್ಟಲೆ ಬಂದ್. 2020ರ ಅಕ್ಟೋಬರ್ 3ರಂದು ಮನಾಲಿ ಮತ್ತು ಲಾಹೌಲ್ ನಡುವಿನ ರೋಹ್ತಾಂಗ್ ಪಾಸ್ ಕೆಳಗೆ 9 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆಯಿತು. ಅಲ್ಲಿಯವರೆಗೆ ಲಾಹೌಲಿನ ಕೇಲಾಂಗ್ ಕಡೆಯವರು ಚಳಿಗಾಲದಲ್ಲಿ ಹೆಲಿಕಾಪ್ಟರ್ ಸೀಟಿಗಾಗಿ ಕಾಯುತ್ತಿದ್ದರು. ಅವರ ಬದುಕು ಈಗ ಬಹಳ ಬದಲಾಗಿದೆ. ಸ್ಪಿತಿಗೆ ಮಾತ್ರ ಕುಂಜುಂ ಇನ್ನೂ ಅಡ್ಡ ನಿಂತಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಲ್ಲಿ ಹಿಮ ಬಿದ್ದರೆ ಜನ ಖುಷಿ ಪಡುತ್ತಾರೆ. ಅವರನ್ನು ಕಾಡುವುದು ನೀರು. ಸ್ಪಿತಿ ಮಳೆ ನೆರಳಿನ ನಾಡು. ಮುಂಗಾರಿನ ಮೋಡ ಹಿಮಾಲಯದ ಈಚೆ ಬದಿಯಲ್ಲೇ ಖಾಲಿಯಾಗುತ್ತದೆ. ಪಕ್ಕದ ಲಡಾಖಿನ ಲೇಹ್‌ನಲ್ಲಿ ವರ್ಷಕ್ಕೆ ಬೀಳುವುದು 100 ಮಿ.ಮೀ. ಆಸುಪಾಸು. ಬರದ ಸೀಮೆ ಅಂತ ನಾವೇ ಕರೆದುಕೊಳ್ಳುವ ಕಲಬುರಗಿಯಲ್ಲಿ 700 ಮಿ.ಮೀ.ಗಿಂತ ಜಾಸ್ತಿ ಬೀಳುತ್ತದೆ. ಅವರ ಹೊಲಕ್ಕೆ ನೀರು ಸಿಗುವುದು ಹಿಂದಿನ ಚಳಿಗಾಲದಲ್ಲಿ ಬೆಟ್ಟದ ಮೇಲೆ ಬಿದ್ದ ಹಿಮದಿಂದ. ಅದು ಬೇಸಿಗೆಯಲ್ಲಿ ಕರಗಿ ಹಳ್ಳಕ್ಕೆ ಬರುತ್ತದೆ, ಹಳ್ಳದಿಂದ ಕಾಲುವೆಗೆ. ಆ ಕಾಲುವೆಯನ್ನು ಕುಹ್ಲ್ ಅನ್ನುತ್ತಾರೆ. ಜನವರಿಯಲ್ಲಿ ಹಿಮ ಬೀಳದಿದ್ದರೆ ಅಲ್ಲಿಯ ರೈತನಿಗೆ ಆಗುವ ಸಂಕಟ, ಮಿರಗದ ಮಳೆ ಕೈಕೊಟ್ಟಾಗ ನಮ್ಮ ತೊಗರಿ ರೈತನಿಗೆ ಆಗುವಂಥದ್ದೇ.

ಬೆಳೆ ವರ್ಷಕ್ಕೆ ಒಂದೇ. ಬಾರ್ಲಿ ಮನೆಗೆ, ಹಸಿ ಬಟಾಣಿ ಮಾರಾಟಕ್ಕೆ. ಬಿತ್ತುವ ಏಪ್ರಿಲ್, ಮೇ ತಿಂಗಳಲ್ಲಿ ಮೇಲಿನ ಹಿಮನದಿ ಇನ್ನೂ ಕರಗಿರುವುದಿಲ್ಲ. ಇಡೀ ಆ ಸೀಮೆಗೆ ಇದೇ ತೊಡಕು. ಲಡಾಖಿನ ಎಂಜಿನಿಯರ್ ಚೆವಾಂಗ್ ನೊರ್ಫೆಲ್ ಇದಕ್ಕೊಂದು ದಾರಿ ಹುಡುಕಿದರು. ಚಳಿಗಾಲದಲ್ಲಿ ಯಾರ ಉಪಯೋಗಕ್ಕೂ ಬಾರದೆ ಹರಿದುಹೋಗುವ ಹಳ್ಳದ ನೀರನ್ನು ಊರಿನ ಹತ್ತಿರ, ಬೆಟ್ಟದ ನೆರಳಿನಲ್ಲಿ, ಸಣ್ಣ ಸಣ್ಣ ಕಟ್ಟೆ ಹಾಕಿ ನಿಲ್ಲಿಸಿದರು. ನಿಂತ ನೀರು ಹೆಪ್ಪುಗಟ್ಟಿತು. ತಗ್ಗಿನಲ್ಲಿ ಇದ್ದುದರಿಂದ ಮೇಲಿನ ಹಿಮನದಿಗಿಂತ ಮೊದಲೇ ಕರಗಿ ಬಿತ್ತನೆ ಹೊತ್ತಿಗೆ ಹೊಲಕ್ಕೆ ಬಂತು. 2015ರಲ್ಲಿ ಅವರಿಗೆ ಪದ್ಮಶ್ರೀ ಸಿಕ್ಕಿತು. ಆಮೇಲೆ ಲಡಾಖಿನವರೇ ಆದ ಇನ್ನೊಬ್ಬ ಎಂಜಿನಿಯರ್ ಸೋನಂ ವಾಂಗ್‌ಚುಕ್ ಅದೇ ನೀರನ್ನು ಹಿಮದ ಗೋಪುರ ಮಾಡಿ ನಿಲ್ಲಿಸಿದರು. ಎತ್ತರದಿಂದ ಪೈಪಿನಲ್ಲಿ ಇಳಿದ ನೀರು ತನ್ನ ಒತ್ತಡಕ್ಕೇ ಕಾರಂಜಿಯಾಗಿ ಚಿಮ್ಮುತ್ತದೆ. ರಾತ್ರಿಯ ಚಳಿಗೆ ಹೆಪ್ಪುಗಟ್ಟುತ್ತ ಮೇಲೇರುತ್ತದೆ. ಆ ಆಕಾರಕ್ಕೆ ಬಿಸಿಲು ತಾಗುವ ಮೈ ಕಡಿಮೆ, ಹಾಗಾಗಿ ನಿಧಾನವಾಗಿ ಕರಗುತ್ತದೆ. ಪಂಪೂ ಬೇಡ, ಕರೆಂಟೂ ಬೇಡ.

ಬೀದರಿನ ನೌಬಾದ್‌ನಲ್ಲಿ ಬಹಮನಿ ಸುಲ್ತಾನರ ಕಾಲದ ಕರೇಜ್ ಇದೆಯಲ್ಲ, ಸುರಂಗ ಬಾವಿ, ಅದನ್ನು ನೋಡಿದವರಿಗೆ ಈ ಬುದ್ಧಿ ತಕ್ಷಣ ಅರ್ಥವಾಗುತ್ತದೆ. ನೆಲದೊಳಗೆ ಸಣ್ಣ ಇಳಿಜಾರು ಕೊಟ್ಟು ನೀರು ತಾನಾಗಿಯೇ ಹರಿಯುವಂತೆ ಮಾಡಿದ ಕೆಲಸ ಅದು. ನಮ್ಮ ಭಾಗದ ಎಂಜಿನಿಯರಿಂಗ್ ಹುಡುಗರು ಈ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಬೇಕು ಅಂತ ನನಗೆ ಬಹಳ ಆಸೆ.

ಚಳಿಗಾಲದಲ್ಲಿ ಮನೆಯೊಳಗಿನ ನೀರಿನ ಕಷ್ಟ ಬೇರೆ. ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುತ್ತದೆ, ಕೆಲವು ದಿನ ಇನ್ನೂ ಕೆಳಗೆ. ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಪೈಪು ಒಡೆಯುತ್ತದೆ. ಆಗ ಹರಿಯುವ ಒರತೆ ಎಲ್ಲಿದೆಯೋ ಅಲ್ಲಿಂದ ಕ್ಯಾನಿನಲ್ಲಿ ಹೊತ್ತು ತರಬೇಕು. ತಂದ ಮೇಲೆ ಬೆಂಕಿ ಇರುವ ಕೋಣೆಯಲ್ಲೇ ಇಡಬೇಕು, ಇಲ್ಲದಿದ್ದರೆ ಬೆಳಿಗ್ಗೆಗೆ ಕ್ಯಾನ್ ಪೂರ್ತಿ ಗಡ್ಡೆ. ಅದಕ್ಕೇ ಅಲ್ಲಿನ ಹಳೆಯ ಮನೆಗಳಲ್ಲಿ ಒಣ ಪಾಯಖಾನೆ ಇರುತ್ತದೆ. ಮೇಲಿನ ಕೋಣೆಯ ನೆಲದಲ್ಲಿ ಒಂದು ಕಿಂಡಿ, ಪಕ್ಕದಲ್ಲಿ ಮಣ್ಣು ಬೂದಿಯ ರಾಶಿ, ಒಂದು ಸಲಿಕೆ. ಹೋಗಿ ಬಂದ ಮೇಲೆ ಮಣ್ಣು ಎಳೆಯಬೇಕು, ನೀರು ಹಾಕುವಂತಿಲ್ಲ. ಕೆಳಗೆ ಬಿದ್ದದ್ದು ಗೊಬ್ಬರವಾಗಿ ಬಿತ್ತನೆ ಹೊತ್ತಿಗೆ ಹೊಲಕ್ಕೆ ಹೋಗುತ್ತದೆ. ಹೊಸಬರು ಮುಖ ಸಿಂಡರಿಸುತ್ತಾರೆ, ಫ್ಲಶ್ ಇರುವ ರೂಮೇ ಬೇಕು ಅಂತ ಹಟ ಹಿಡಿಯುತ್ತಾರೆ. ನನಗೆ ತುಂಬ ಬೇಜಾರಾಗುವುದು ಇಲ್ಲೇ. ಒಂದು ಸಲ ಫ್ಲಶ್ ಮಾಡಿದರೆ ಹೋಗುವ ನೀರನ್ನು ಯಾರೋ ಒಬ್ಬ ತಾಯಿ ಬೆನ್ನ ಮೇಲೆ ಹೊತ್ತು ತಂದಿರುತ್ತಾಳೆ. ಒಣ ಪಾಯಖಾನೆಗೆ ಒಗ್ಗಿಕೊಳ್ಳಲು ಆಗುವುದಿಲ್ಲ ಅನ್ನುವವರು ಅಲ್ಲಿ ಇರುವ ಯೋಚನೆಯನ್ನೇ ಬಿಟ್ಟರೆ ಒಳ್ಳೆಯದು.

ಚಳಿಗಾಲಕ್ಕೆ ಬೇಕಾದದ್ದೆಲ್ಲ ಅಕ್ಟೋಬರ್ ಒಳಗೆ ಮನೆ ಸೇರಬೇಕು. ಕಟ್ಟಿಗೆ, ಕುಳ್ಳು, ದನಕ್ಕೆ ಹುಲ್ಲು, ಹಿಟ್ಟು, ಬೇಳೆ, ಎಣ್ಣೆ, ಗ್ಯಾಸ್ ಸಿಲಿಂಡರ್, ಔಷಧಿ. ಮಾಳಿಗೆಯ ಅಂಚಿನ ಸುತ್ತ ಕಟ್ಟಿಗೆ, ಹುಲ್ಲು ಒಟ್ಟಿರುತ್ತಾರೆ. ಆ ಒಟ್ಟಿಲು ನೋಡಿದರೆ ಸಾಕು, ಆ ಮನೆಯವರ ತಯಾರಿ ಎಷ್ಟು ಅಂತ ಗೊತ್ತಾಗುತ್ತದೆ. ಆಲೂಗಡ್ಡೆ, ಮೂಲಂಗಿ, ಗಜ್ಜರಿಯನ್ನು ನೆಲದಲ್ಲಿ ಕುಣಿ ತೋಡಿ ಹೂಳಿಡುತ್ತಾರೆ. ಮಣ್ಣಿನೊಳಗೆ ಹೆಪ್ಪುಗಟ್ಟುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ನಮ್ಮ ಅಜ್ಜಂದಿರು ಜೋಳ ಕೂಡಿಡಲು ಹಗೇವು ತೋಡುತ್ತಿದ್ದರು ಅಲ್ವಾ? ಮನೆಗಳೂ ನಮ್ಮ ಹಳ್ಳಿಯವರಿಗೆ ಪರಿಚಯದವೇ: ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಸಣ್ಣ ಕಿಟಕಿ. ಇಲ್ಲಿ ಹೊರಗಿನ ಬಿಸಿ ಒಳಗೆ ಬರಬಾರದು ಅಂತ, ಅಲ್ಲಿ ಒಳಗಿನ ಕಾವು ಹೊರಗೆ ಹೋಗಬಾರದು ಅಂತ. ಒಂದೇ ಜಾಸ್ತಿ ಕೆಲಸ. ಹಿಮ ಬಿದ್ದಾಗಲೆಲ್ಲ ಮಾಳಿಗೆ ಹತ್ತಿ ಸಲಿಕೆಯಿಂದ ತಳ್ಳಬೇಕು. ಬಿಟ್ಟರೆ ಭಾರಕ್ಕೆ ತೊಲೆ ಬಗ್ಗುತ್ತದೆ, ಕರಗಿದರೆ ಸೋರುತ್ತದೆ.

ನಾವು ಇಲ್ಲಿ ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಹೊತ್ತಿಗೆ, ಅಲ್ಲಿ ಇಡೀ ಮನೆ ಒಂದೇ ಕೋಣೆಗೆ ಸೇರಿರುತ್ತದೆ. ನಡುವೆ ಕಬ್ಬಿಣದ ಒಲೆ, ಅದರ ಹೊಗೆ ಕೊಳವೆ ಮಾಳಿಗೆ ದಾಟಿ ಹೊರಗೆ. ಸ್ಪಿತಿಯವರು ತಂದೂರ್ ಅನ್ನುತ್ತಾರೆ, ಕಾಶ್ಮೀರ, ಲಡಾಖ್ ಕಡೆ ಬುಖಾರಿ. ಅಡಿಗೆ, ನಿದ್ದೆ, ಮಕ್ಕಳ ಓದು, ಉಣ್ಣೆ ನೂಲುವುದು, ಎಲ್ಲ ಅದರ ಸುತ್ತಲೇ. ಲ್ಯಾಪ್‌ಟಾಪ್ ಹಿಡಿದು ಒಬ್ಬರೇ ಶಾಂತವಾಗಿ ಕೂರಬೇಕು ಅನ್ನುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಬೇರೆ ಕೋಣೆ ಅಂದರೆ ಬೇರೆ ಬೆಂಕಿ, ಬೇರೆ ಕಟ್ಟಿಗೆ. ಹಿಮ ಬಿದ್ದ ದಿನ ಕರೆಂಟ್ ಹೋದರೆ, ನೆಟ್‌ವರ್ಕ್ ಹೋದರೆ, ಯಾವಾಗ ಬರುತ್ತದೆ ಅಂತ ಯಾರೂ ಹೇಳಲಾರರು. ಹೇಳಿದ ದಿನಕ್ಕೆ ಕೆಲಸ ಒಪ್ಪಿಸಲೇಬೇಕಾದವರು ಜನವರಿ, ಫೆಬ್ರವರಿ ಕೆಳಗಿನ ಊರಿನಲ್ಲಿ ಇರುವುದೇ ವಾಸಿ.

ಬೆಂಕಿ ಅಂದಾಗ ಒಂದು ಎಚ್ಚರಿಕೆ. ಚಳಿ ತಡೆಯದೆ ಬಾಗಿಲು, ಕಿಟಕಿ ಭದ್ರ ಮಾಡಿ, ಕೊಳವೆ ಇಲ್ಲದ ಇದ್ದಿಲ ಶೆಗಡಿ ಇಟ್ಟುಕೊಂಡು ಯಾವತ್ತೂ ಮಲಗಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಕೊಳವೆ ಇರುವ ಒಲೆಯಾದರೂ ಗಾಳಿಗೆ ಒಂದು ಸಂದು ಬಿಡಿ.

ಇನ್ನು ನಿಮ್ಮ ಮೈ. ಆ ಎತ್ತರದಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಕಡಿಮೆ. ದೆಹಲಿಯಲ್ಲಿ ವಿಮಾನ ಹತ್ತಿ ಒಂದೂವರೆ ತಾಸಿಗೆ ಲೇಹ್‌ನಲ್ಲಿ ಇಳಿದವರಿಗೆ ತಲೆನೋವು, ವಾಕರಿಕೆ ಬರುವುದು ಇದಕ್ಕೇ. ಕಾಜಾಕ್ಕೆ ಹೋಗುವವರು ಕಿನ್ನೌರ್ ದಾರಿ ಹಿಡಿಯಿರಿ. ನಡುವೆ ತಂಗುತ್ತ ಹೋದರೆ ಮೈ ನಿಧಾನವಾಗಿ ಒಗ್ಗುತ್ತದೆ. ಮುಟ್ಟಿದ ಮೇಲೆ ಎರಡು ದಿನ ಸುಮ್ನೆ ಇರಿ. ಕೂತಲ್ಲೇ ಏದುಸಿರು ಬಂದರೆ, ನಡೆಯುವಾಗ ತೂರಾಡಿದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಕೆಳಗೆ ಇಳಿಯಬೇಕು. ಹೃದಯದ, ಉಸಿರಾಟದ ತೊಂದರೆ ಇರುವವರು ಇಲ್ಲಿಯ ಡಾಕ್ಟರನ್ನು ಕೇಳದೆ ಟಿಕೆಟ್ ತೆಗೆಸಬೇಡಿ.

ಅಡಿಗೆಯಲ್ಲೂ ಎತ್ತರ ಗೊತ್ತಾಗುತ್ತದೆ. ಅಲ್ಲಿ ನೀರು 88 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ. ಜಿಐ, ಅಂದರೆ ಭೌಗೋಳಿಕ ಗುರುತು ಪಡೆದ ನಮ್ಮ ಕಲಬುರಗಿ ತೊಗರಿ ಬೇಳೆಯೂ ತೆರೆದ ಪಾತ್ರೆಯಲ್ಲಿ ಎಷ್ಟು ಹೊತ್ತು ಕುದಿಸಿದರೂ ಸರಿಯಾಗಿ ಬೇಯುವುದಿಲ್ಲ. ಕುಕ್ಕರ್ ಬೇಕೇ ಬೇಕು. ಖಟಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ, ಆ ಒಣ ಹವೆಯಲ್ಲಿ ಬೇಗ ಕೆಡುವುದಿಲ್ಲ. ಜೊತೆಗೆ ಅವರ ಊಟವನ್ನೂ ಕಲಿಯಿರಿ: ಹುರಿದ ಬಾರ್ಲಿ ಹಿಟ್ಟಿನ ತ್ಸಂಪಾ, ನೂಡಲ್ಸ್ ಹಾಕಿದ ಬಿಸಿ ಸೂಪು ಥುಕ್ಪಾ, ಬೆಣ್ಣೆ ಉಪ್ಪು ಹಾಕಿದ ಚಹಾ.

ಜಾಗ ಕೊಂಡು ಮನೆ ಕಟ್ಟುತ್ತೇನೆ ಅನ್ನುವವರಿಗೆ ಒಂದೇ ಮಾತು. ಹಿಮಾಚಲದ 1972ರ ಭೂಸುಧಾರಣೆ ಕಾಯ್ದೆಯ 118ನೇ ಕಲಂ ಪ್ರಕಾರ ಅಲ್ಲಿಯ ರೈತರಲ್ಲದವರು ಸರ್ಕಾರದ ಅನುಮತಿ ಇಲ್ಲದೆ ಭೂಮಿ ಕೊಳ್ಳುವಂತಿಲ್ಲ. ಲಾಹೌಲ್-ಸ್ಪಿತಿ ಬುಡಕಟ್ಟು ಜನರ ಜಿಲ್ಲೆ, ಅಲ್ಲಿ ಇನ್ನೂ ಬಿಗಿ. ಇದು ಸರಿಯಾದ ಕಾನೂನು ಅಂತಲೇ ನನ್ನ ಅಭಿಪ್ರಾಯ. ನೀವು ಬಾಡಿಗೆಗೆ ಇರಬೇಕು.

ಹಾಗಾದರೆ ಯಾರು ಹೋಗಬೇಕು? ಆ ಊರಿಗೆ ಬೇಕಾದ ಕೆಲಸ ಕೈಯಲ್ಲಿ ಇರುವವರು. ನರ್ಸು, ಡಾಕ್ಟರು, ಮೇಷ್ಟ್ರು, ಸೋಲಾರ್ ರಿಪೇರಿ ಬಲ್ಲವರು. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಎಷ್ಟೋ ವರ್ಷಗಳಿಂದ ಸ್ಪಿತಿಯ ಕಿಬ್ಬರ್ ಕಡೆ ಹಿಮಚಿರತೆಗಳ ಮೇಲೆ, ಊರಿನ ಕುರಿ ದನದವರ ಜೊತೆ ಸೇರಿ ಕೆಲಸ ಮಾಡುತ್ತಿದ್ದಾರೆ. ಹಾಗೆ ಕೆಲಸ ಹಿಡಿದು ಹೋದವರಿಗೆ ಊರು ಜಾಗ ಕೊಡುತ್ತದೆ. ಚಳಿಗಾಲದಲ್ಲಿ ಅಲ್ಲಿ ಪ್ರತಿಯೊಬ್ಬರೂ ಪಕ್ಕದ ಮನೆಯವರ ಕೂಡಿಟ್ಟ ಕಟ್ಟಿಗೆ, ತೋಳಿನ ಬಲ, ಔಷಧಿ ಡಬ್ಬಿಯನ್ನು ನಂಬಿ ಬದುಕುತ್ತಾರೆ. ಮುದುಕಿಯ ಮಾಳಿಗೆಯ ಹಿಮ ಎದುರು ಮನೆಯ ಹುಡುಗ ತಳ್ಳುತ್ತಾನೆ. ನಾಳೆ ಸಲಿಕೆ ಹಿಡಿಯುವವರಲ್ಲಿ ನೀವೂ ಇರಬೇಕು. ಬಾಡಿಗೆ ಕೊಟ್ಟಿದ್ದೇನೆ ಅಂತ ಒಳಗೆ ಕೂತವರನ್ನು ಯಾರೂ ಬೈಯುವುದಿಲ್ಲ, ಆದರೆ ಅವರಿಗೆ ಅಲ್ಲಿ ಮಾತಾಡಲು ಜನ ಸಿಗುವುದಿಲ್ಲ. ಮಾರ್ಚ್ ತನಕ ಅದನ್ನು ತಡೆದುಕೊಳ್ಳುವುದು ಚಳಿಗಿಂತ ಕಷ್ಟ.

ಗಟ್ಟಿ ತೀರ್ಮಾನ ಮಾಡುವ ಮೊದಲು ಫೆಬ್ರವರಿಯಲ್ಲಿ ಒಮ್ಮೆ ಹೋಗಿ, ಯಾವುದಾದರೂ ಮನೆಯಲ್ಲಿ ಪಾಲು ಕೊಟ್ಟು ಇದ್ದು ಬನ್ನಿ. ನೀರು ಹೊರಿ, ಮಾಳಿಗೆ ಹತ್ತಿ. ಹಿಂದಿಯಲ್ಲಿ ಕೆಲಸ ನಡೆಯುತ್ತದೆ, ನಮ್ಮ ಕಲಬುರಗಿಯವರಿಗೆ ಅದು ಕಷ್ಟವಿಲ್ಲ. ಅವರ ಸ್ಪಿತಿ ಮಾತು ನಾಲ್ಕಾದರೂ ಕಲಿಯಿರಿ. ಹೊರಡುವ ಮುನ್ನ ಮನೆಯಲ್ಲಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೇಳಿ: ನಾಲ್ಕೈದು ದಿನ ಫೋನ್ ಹತ್ತದಿದ್ದರೆ ಗಾಬರಿಯಾಗಬೇಡಿ, ಹಿಮ ಬಿದ್ದಿರುತ್ತದೆ ಅಷ್ಟೇ. ಅಲ್ಲಿಯ ಆಸ್ಪತ್ರೆಯ, ಮನೆ ಮಾಲೀಕರ ನಂಬರ್ ಬರೆದು ಕೊಡಿ.

ಈಗ ನೀವು ಕೇಳ್ರಿ.