ಮೊಣಕಾಲು ಬಾಗಿರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾರು ಓಡಿಸುವವರು ಸೀಟಿನಲ್ಲಿ ಹೇಗೆ ಕುಳಿತುಕೊಳ್ಳಬೇಕು ಎಂಬುದನ್ನು ತಿಳಿಸಿಕೊಡಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ಕುಳಿತುಕೊಳ್ಳುವುದನ್ನೂ ಹೇಳಿಕೊಡಬೇಕೇ ಎಂದು ನಿಮ್ಮಲ್ಲಿ ಕೆಲವರು ಅಂದುಕೊಳ್ಳುತ್ತಿರಬಹುದು. ಹೇಳಿಕೊಡಲೇಬೇಕು. ಹಾಸನದಲ್ಲಿ ಕಾರು ಕಲಿಸುವುದು ನನ್ನ ಕಸುಬು. ಕಲಿಯಲು ಬಂದವರು ಮೊದಲ ದಿನವೇ ಗೇರ್ ಬಗ್ಗೆ ಕೇಳುತ್ತಾರೆ, ರಿವರ್ಸ್ ಬಗ್ಗೆ ಕೇಳುತ್ತಾರೆ, ಲೈಸೆನ್ಸ್ ಯಾವಾಗ ಕೈಗೆ ಬರುತ್ತದೆ ಎಂದು ಕೇಳುತ್ತಾರೆ. ಸೀಟಿನ ಬಗ್ಗೆ ಕೇಳಿದವರು ಒಬ್ಬರೂ ಇಲ್ಲ. ಬಾಗಿಲು ತೆಗೆದರು, ಕುಳಿತರು, ಕೀಲಿ ತಿರುಗಿಸಿದರು, ಹೊರಟರು.

ಇವತ್ತು ನೀವು ಒಂದೇ ಒಂದು ಮಾತು ನೆನಪಿಟ್ಟುಕೊಂಡರೆ ಸಾಕು. ಬ್ರೇಕ್ ಪೆಡಲನ್ನು ಮೈಯ ಶಕ್ತಿಯೆಲ್ಲ ಹಾಕಿ ಕೊನೆಯವರೆಗೆ ಒತ್ತಿದಾಗಲೂ ನಿಮ್ಮ ಮೊಣಕಾಲು ಸ್ವಲ್ಪ ಬಾಗಿರಬೇಕು. ಬೆನ್ನು ಸೀಟಿಗೆ ಅಂಟಿಕೊಂಡೇ ಇರಬೇಕು. ಇಷ್ಟೇ. ಸೀಟನ್ನು ಹೊಂದಿಸುವುದು ಬ್ರೇಕಿಗಾಗಿ. ಮಿಕ್ಕಿದ್ದೆಲ್ಲ ಇದರ ಹಿಂದೆ ಬರುತ್ತದೆ. ಈಗ ಕಾರು ಓಡಿಸುತ್ತಾ ಕೇಳುತ್ತಿರುವವರು ದಯವಿಟ್ಟು ಸೀಟಿನ ಕೆಳಗಿನ ಸರಳಿಗೆ ಕೈ ಹಾಕಬೇಡಿ. ಓಡುವ ಕಾರಿನಲ್ಲಿ ಸೀಟು ಒಮ್ಮೆಲೇ ಹಿಂದಕ್ಕೆ ಜಾರಿದರೆ ಕಾಲು ಪೆಡಲಿನಿಂದ ತಪ್ಪಿಹೋಗುತ್ತದೆ. ಮನೆ ತಲುಪಿ, ಕಾರು ನಿಲ್ಲಿಸಿ, ಆಮೇಲೆ ಮಾಡಿ.

ಮೊಣಕಾಲು ಏಕೆ ಬಾಗಿರಬೇಕು? ಗಂಟೆಗೆ 60 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಪೆಡಲನ್ನು ಕಾಲು ಹುಡುಕುವುದರೊಳಗೆ ಅರ್ಧ ಸೆಕೆಂಡ್ ಹೋದರೆ ಕಾರು ಎಂಟು ಮೀಟರ್ ಮುಂದೆ ಹೋಗಿರುತ್ತದೆ. ಅಡ್ಡ ಬಂದ ಮಗು ಅಷ್ಟು ದೂರದಲ್ಲಿ ಇರುತ್ತದೆಯೇ? ಇನ್ನೊಂದು ವಿಷಯ. ನಿಜವಾದ ಗಾಬರಿಯ ಬ್ರೇಕನ್ನು ಒತ್ತುವುದು ತೊಡೆ, ಪಾದದ ತುದಿಯಲ್ಲ. ಕಾಲು ನೀಟಾಗಿ ಚಾಚಿಕೊಂಡಿದ್ದರೆ ತೊಡೆಗೆ ಒತ್ತಲು ಜಾಗವೇ ಉಳಿಯುವುದಿಲ್ಲ. ಡಿಕ್ಕಿ ಆಗಿಯೇಬಿಟ್ಟರೆ, ಚಾಚಿದ ಕಾಲು ಪೆಟ್ಟನ್ನು ಪಾದದಿಂದ ನೇರವಾಗಿ ಸೊಂಟದ ಕೀಲಿಗೆ ಸಾಗಿಸುತ್ತದೆ. ಬಾಗಿದ ಕಾಲು ಮಡಚಿಕೊಳ್ಳುತ್ತದೆ.

ನಮ್ಮ ಕಡೆಯವರು ಮಂಗಳೂರಿಗೆ ಹೋಗುವುದು ಶಿರಾಡಿ ಘಾಟಿಯಲ್ಲಿ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಯುತ್ತದೆ ಎಂದು ಎಂಜಿನ್ ಆರಿಸುವವರು ಇವತ್ತಿಗೂ ಇದ್ದಾರೆ. ಎಂಜಿನ್ ನಿಂತ ಮೇಲೆ ಬ್ರೇಕಿಗೆ ಸಿಗುವ ನೆರವು ಎರಡು ಮೂರು ಸಲ ಒತ್ತುವುದರೊಳಗೆ ಮುಗಿದುಹೋಗುತ್ತದೆ. ಆಮೇಲೆ ಪೆಡಲ್ ಬಿಗಿಯಾಗುತ್ತದೆ, ನಿಮ್ಮ ತೊಡೆಯ ಶಕ್ತಿಯೊಂದೇ ಗತಿ. ಎಂಜಿನ್ ಆರಿಸಲೇಬೇಡಿ. ಘಾಟಿಯಲ್ಲಿ ಅದು ತಾನಾಗಿಯೇ ನಿಂತುಹೋದ ದಿನಕ್ಕಾದರೂ ಮೊಣಕಾಲು ಬಾಗಿರಲಿ.

ಒಬ್ಬ ಶಾಲಾ ಶಿಕ್ಷಕಿಯ ವಿಷಯ ಹೇಳುತ್ತೇನೆ. ನಿವೃತ್ತಿಯ ಹೊಸ್ತಿಲಲ್ಲಿದ್ದವರು, ಕುಳ್ಳಗಿನ ಮೈಕಟ್ಟು. ಯಜಮಾನರು ಆರಡಿ ಎತ್ತರ. ಮನೆಯಲ್ಲಿ ಒಂದೇ ಕಾರು, ಅದನ್ನು ಯಜಮಾನರೇ ಓಡಿಸುತ್ತಿದ್ದರು. ಅವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರ ಕಾರು ಮುಟ್ಟಬಾರದು ಎಂದಾಯಿತು. ಲೈಸೆನ್ಸ್ ಇದ್ದೂ ಓಡಿಸದ ಮೇಡಂ ಈಗ ಓಡಿಸಲೇಬೇಕಾಯಿತು. ನನ್ನ ಬಳಿಗೆ ಬಂದಾಗ ಅವರ ದೂರು ಎರಡು. ಕಾಲು ಹಿಮ್ಮಡಿಯಿಂದ ಸೊಂಟದವರೆಗೆ ಸೆಳೆಯುತ್ತದೆ. ಕಾರು ಪದೇ ಪದೇ ಆಫ್ ಆಗುತ್ತದೆ. "ವಯಸ್ಸಾಯಿತು ಸಾರ್, ನನ್ನಿಂದ ಆಗುವುದಿಲ್ಲ ಅನ್ನಿಸುತ್ತದೆ" ಎಂದರು.

ನಾನು ಅವರದೇ ಕಾರಿನಲ್ಲಿ ಪಕ್ಕದಲ್ಲಿ ಕುಳಿತೆ. ಯಜಮಾನರು ಕಪ್ಪು ಕನ್ನಡಕ ಹಾಕಿಕೊಂಡು ಹಿಂದೆ ಕುಳಿತರು. ಮೇಡಂ ಬಾಗಿಲು ತೆಗೆದರು, ಚೀಲವನ್ನು ಪಕ್ಕಕ್ಕಿಟ್ಟರು, ಡ್ಯಾಶ್‌ಬೋರ್ಡಿನ ಗಣಪತಿಗೆ ಕೈಮುಗಿದರು, ಬೆಲ್ಟ್ ಹಾಕಿದರು, ಕೀಲಿಗೆ ಕೈ ಹಾಕಿದರು. ಸೀಟನ್ನು ಮುಟ್ಟಲೇ ಇಲ್ಲ. ಅದು ಯಜಮಾನರು ಬಿಟ್ಟ ಜಾಗದಲ್ಲೇ, ಬಹಳ ಹಿಂದೆ ಇತ್ತು. ಇವರು ಅದರ ಅಂಚಿನಲ್ಲಿ ಕುಳಿತಿದ್ದರು. ಬೆನ್ನಿಗೆ ಆಸರೆಯಾಗಿ ಮನೆಯ ಹತ್ತಿದಿಂಬು. ಕ್ಲಚ್ ತಲುಪುತ್ತಿದ್ದದ್ದು ಹೆಬ್ಬೆರಳಿನ ತುದಿ ಮಾತ್ರ. ತುದಿಬೆರಳಿನಲ್ಲಿ ಬಿಡುವ ಕ್ಲಚ್ ಹದವಾಗಿ ಹೇಗೆ ಬಿಟ್ಟೀತು? ಕಾರು ಆಫ್ ಆಗದೆ ಇನ್ನೇನಾದೀತು?

"ಕೀಲಿ ಬಿಡಿ ಮೇಡಂ. ಬ್ರೇಕನ್ನು ನಿಮ್ಮ ಶಕ್ತಿಯೆಲ್ಲ ಹಾಕಿ ಒಂದು ಸಲ ಒತ್ತಿ" ಎಂದೆ. ಒತ್ತಿದರು. ದಿಂಬು ಚಪ್ಪಟೆಯಾಯಿತು. ಬ್ರೇಕ್ ಒಳಗೆ ಹೋಗುವ ಬದಲು ಅವರೇ ಹಿಂದಕ್ಕೆ ಹೋದರು. ಅವರಿಗೆ ಅರ್ಥವಾಯಿತು. ಏನೂ ಹೇಳದೆ ದಿಂಬನ್ನು ತೆಗೆದು ಹಿಂದಿನ ಸೀಟಿಗೆ ಕೊಟ್ಟರು.

ಆಮೇಲೆ ಕೆಲಸ ಶುರುವಾಯಿತು. ಸೀಟಿನ ಮುಂದೆ, ಕೆಳಗೆ ಅಡ್ಡಲಾಗಿರುವ ಸರಳನ್ನು ಎತ್ತಿ, ಕ್ಲಚ್ಚನ್ನು ಪೂರ್ತಿ ಒತ್ತಿ ಹಿಡಿದು, ಮೊಣಕಾಲು ತುಸು ಬಾಗುವವರೆಗೆ ಸೀಟನ್ನು ಮುಂದೆ ತಂದೆವು. ಕ್ಲಚ್ ಬ್ರೇಕಿಗಿಂತ ಆಳಕ್ಕೆ ಹೋಗುತ್ತದೆ, ಆದ್ದರಿಂದ ಗೇರ್ ಕಾರಿನಲ್ಲಿ ಅಳತೆಗೆ ಅದೇ ಸರಿ. ಸರಳು ಬಿಟ್ಟಾಗ ಟಕ್ ಎಂದಿತು. ಮೈಯನ್ನು ಹಿಂದೆ ಮುಂದೆ ಅಲ್ಲಾಡಿಸಿ ಸೀಟು ಕಚ್ಚಿಕೊಂಡಿದೆಯೇ ಎಂದು ನೋಡಿಸಿದೆ. ಬಾಗಿಲ ಕಡೆಗಿದ್ದ ಇನ್ನೊಂದು ಹಿಡಿಯನ್ನು ನಾಲ್ಕೈದು ಸಲ ಮೇಲೆಳೆದಾಗ ಸೀಟು ಎತ್ತರವಾಗತೊಡಗಿತು. ಕಾರು ಕೊಂಡು ಎಷ್ಟೋ ವರ್ಷವಾಗಿತ್ತು, ಆ ಹಿಡಿ ಏಕಿದೆ ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ! "ಬಾನೆಟ್ ಕಾಣುತ್ತಿದೆ ಸಾರ್" ಎಂದರು ಮೇಡಂ. ಅಲ್ಲಿಯವರೆಗೆ ಅವರು ಸ್ಟಿಯರಿಂಗ್ ಚಕ್ರದ ಸಂದಿಯಿಂದ ರಸ್ತೆ ನೋಡುತ್ತಿದ್ದರು.

ಹಿಂದಿನಿಂದ ಯಜಮಾನರು, "ನಾನು ಓಡಿಸುವಾಗ ಮತ್ತೆ ಮತ್ತೆ ಹೊಂದಿಸಿಕೊಳ್ಳಬೇಕಲ್ಲ, ಅದೊಂದು ರಗಳೆ" ಎಂದರು. ಈ ಮಾತನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ, ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅರ್ಧ ನಿಮಿಷದ ಕೆಲಸ ಸ್ವಾಮಿ ಅದು. ಹೆಂಡತಿಯ ಕಾಲು ಬ್ರೇಕಿಗೆ ತಲುಪುವುದಕ್ಕಿಂತ ನಿಮ್ಮ ಅರ್ಧ ನಿಮಿಷ ದೊಡ್ಡದೇ? ಅವರನ್ನೂ ಇಳಿಸಿ ಮುಂದೆ ಕೂರಿಸಿದೆ. ಅವರ ಹಳೆಯ ಜಾಗಕ್ಕೇ ಸೀಟು ತಳ್ಳಿಸಿ, ಬ್ರೇಕ್ ಒತ್ತಿ ಎಂದೆ. ಕಾಲು ನೀಟಾಗಿ ಚಾಚಿ ನಿಂತಿತು, ಸೊಂಟ ಸೀಟಿನಿಂದ ಮುಂದಕ್ಕೆ ಜಾರಿತು. ಇಷ್ಟು ವರ್ಷ ಅವರೂ ಅರ್ಧ ಬ್ರೇಕಿನಲ್ಲೇ ಓಡಿಸುತ್ತಿದ್ದರು. ಅವರ ಸೀಟೂ ಎರಡು ಹಲ್ಲು ಮುಂದೆ ಬಂತು. ಮೇಡಂ ತಮ್ಮ ಚೀಲದಿಂದ ಹಣೆಗಿಡುವ ಸ್ಟಿಕ್ಕರ್ ತೆಗೆದು, ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯ ಮೇಲೆ, ಸೀಟಿನ ಅಂಚಿಗೆ ಸರಿಯಾಗಿ ಅಂಟಿಸಿದರು. ಕೆಂಪು ಅವರದು, ಕಪ್ಪು ಯಜಮಾನರದು. ಅಂದಿನಿಂದ ಇಬ್ಬರು ಓಡಿಸುವ ಕಾರು ಇರುವ ಪ್ರತಿಯೊಂದು ಮನೆಗೂ ನಾನು ಇದನ್ನು ಹೇಳುತ್ತಾ ಬಂದಿದ್ದೇನೆ. ಮೇಡಂ ಅವರ ಕಾಲುನೋವು ಆಮೇಲೆ ಬರಲಿಲ್ಲವಂತೆ.

ಈಗ ಹುಡುಗರಿಗೆ ಒಂದು ಮಾತು. ಸೀಟಿನ ಒರಗನ್ನು ಆರಾಮ ಕುರ್ಚಿಯಂತೆ ಹಿಂದಕ್ಕೆ ಮಲಗಿಸಿ, ಒಂದೇ ಕೈಯನ್ನು ಸ್ಟಿಯರಿಂಗ್ ತುದಿಗೆ ನೇತುಹಾಕಿ ಓಡಿಸುತ್ತೀರಲ್ಲ, ಅದು ದಯವಿಟ್ಟು ಬೇಡ. ಡಿಕ್ಕಿಯಾದರೆ ನಿಮ್ಮ ಮೈ ಬೆಲ್ಟಿನ ಅಡಿಯಿಂದ ಮುಂದಕ್ಕೆ ಜಾರುತ್ತದೆ, ಬೆಲ್ಟ್ ಹೊಟ್ಟೆಗೆ ಕಚ್ಚುತ್ತದೆ. ಒರಗು ಹೆಚ್ಚುಕಡಿಮೆ ನೆಟ್ಟಗಿರಲಿ. ಭುಜ ಸೀಟನ್ನು ಬಿಡದೆ ಕೈ ಚಾಚಿದರೆ ಮಣಿಕಟ್ಟು ಸ್ಟಿಯರಿಂಗ್ ಚಕ್ರದ ಮೇಲಂಚಿನ ಮೇಲೆ ಕೂರಬೇಕು. ಆಗ ಚಕ್ರದ ಎರಡು ಪಕ್ಕಗಳನ್ನು ಹಿಡಿದರೆ ಮೊಣಕೈಯೂ ತಾನಾಗಿ ಬಾಗಿರುತ್ತದೆ.

ಹಾಗೆಂದು ಚಕ್ರಕ್ಕೆ ಎದೆ ತಾಗಿಸಿಯೂ ಕೂರಬೇಡಿ. ನಮ್ಮ ದೇಶದಲ್ಲಿ 2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಚಾಲಕರಿಗೆ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಅದು ಕಣ್ಣು ರೆಪ್ಪೆ ಮುಚ್ಚಿ ತೆಗೆಯುವುದರೊಳಗೆ ಉಬ್ಬಿಕೊಳ್ಳುತ್ತದೆ. ಅದಕ್ಕೆ ಬಿಚ್ಚಿಕೊಳ್ಳಲು ಜಾಗ ಬೇಕು. ಚಕ್ರದ ನಡುವಿಗೂ ನಿಮ್ಮ ಎದೆಮೂಳೆಗೂ ಕನಿಷ್ಠ 25 ಸೆಂಟಿಮೀಟರ್ ಇರಲಿ. ಒಂದು ಗೇಣು, ಅದರ ಮೇಲೆ ಎರಡು ಬೆರಳು. ಕುಳ್ಳಗಿರುವವರಿಗೆ ಅಷ್ಟು ಸಿಗದಿದ್ದರೆ ಒರಗನ್ನು ತುಸು ಹಿಂದಕ್ಕೆ ಬಾಗಿಸಿ, ಸ್ಟಿಯರಿಂಗ್ ಕೆಳಗಿಳಿಯುವಂತಿದ್ದರೆ ಇಳಿಸಿ. ಸೀಟನ್ನು ಮಾತ್ರ ಹಿಂದಕ್ಕೆ ತಳ್ಳಬೇಡಿ. ಮೊಣಕಾಲು ಬಾಗಿಯೇ ಇರಬೇಕು.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂದಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬರಲಿ. ಗರ್ಭಿಣಿಯರು ಅದನ್ನು ಹೊಟ್ಟೆಯ ಕೆಳಗಿನಿಂದ ತರಬೇಕು. ಮೇಲ್ಪಟ್ಟಿ ಹೆಗಲ ನಡುವೆ ಹಾದುಹೋಗಲಿ. ಕನ್ನಡಿಗಳನ್ನು ಸೀಟು ಹೊಂದಿಸಿದ ಮೇಲೆ ಹೊಂದಿಸಿ. ಮರದ ಮಣಿಯ ಹಾಸು, ಜಾರುವ ಮೆತ್ತೆ ಬೇಡ. ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಇರುವ ಕಾರಿಗೆ ಸಿಕ್ಕಿದ ಕವರ್ ಹೊಲಿಸಬೇಡಿ, ಅದು ಏರ್‌ಬ್ಯಾಗಿನ ದಾರಿ ಮುಚ್ಚುತ್ತದೆ. ಕಾಲ ಬುಡದಲ್ಲಿ ನೀರಿನ ಬಾಟಲಿ ಇಡಬೇಡಿ, ಅದು ಉರುಳಿ ಬ್ರೇಕಿನ ಅಡಿಗೆ ಸೇರಿದರೆ ಪೆಡಲ್ ಒಳಗೆ ಹೋಗುವುದಿಲ್ಲ.

ಕೊನೆಯದಾಗಿ ಹೆಡ್‌ರೆಸ್ಟ್. ಅದರ ಮೇಲಂಚು ನಿಮ್ಮ ನೆತ್ತಿಯ ಮಟ್ಟಕ್ಕೆ ಇರಬೇಕು, ತಲೆಗೆ ಆದಷ್ಟು ಹತ್ತಿರ ಇರಬೇಕು. ಹಿಂದಿನಿಂದ ಯಾರಾದರೂ ಗುದ್ದಿದಾಗ ಕತ್ತು ಹಿಂದಕ್ಕೆ ಮುರಿದಂತಾಗುವುದನ್ನು ತಡೆಯುವುದು ಅದೊಂದೇ. ಹಿಂದಿನ ಸೀಟಿನ ಮಕ್ಕಳಿಗೆ ರಸ್ತೆ ಕಾಣುವುದಿಲ್ಲ ಎಂದು ಅದನ್ನು ಕಿತ್ತು ಅಟ್ಟದ ಮೇಲೆ ಇಟ್ಟಿದ್ದರೆ, ಇವತ್ತೇ ಇಳಿಸಿ, ಅದರ ಜಾಗಕ್ಕೆ ಹಾಕಿ. ನಮಸ್ಕಾರ.